ಒಂದು ಮಾತಿಗೆ ಒಂದೇ ಹೂಂ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರು ಪಂಚಾಕ್ಷರಪ್ಪನವರ ಗೊಬ್ಬರದ ಅಂಗಡಿ. ಅದರ ಮಹಡಿಯ ಮೇಲೆ ಇಪ್ಪತ್ತೊಂದನೆಯ ಶತಮಾನ. ಎರಡಕ್ಕೂ ಒಂದೇ ಮೆಟ್ಟಿಲು, ಒಂದೇ ಯೂರಿಯಾ ವಾಸನೆ. ಶತಮಾನ ಬರುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತಾದರೂ ಪಂಚಾಕ್ಷರಪ್ಪನವರ ಮಗ ಸಿದ್ಧಲಿಂಗೇಶ್ ಅದನ್ನು ಮುಂಗಡವಾಗಿ ತರಿಸಿ ಬೋರ್ಡಿಗೆ ಹಾಕಿಸಿದ್ದರು: ‘ವಿಶ್ವಜ್ಯೋತಿ ಕಂಪ್ಯೂಟರ್ ಎಜುಕೇಷನ್. ಡಾಸ್, ಲೋಟಸ್, ಸಿ, ನೆಟ್‌ವರ್ಕಿಂಗ್.’ ಮೊದಲ ಮೂರನ್ನು ಕಲಿಸಲು ನಾನಿದ್ದೆ. ನಾಲ್ಕನೆಯದನ್ನು ಬೋರ್ಡಿನಲ್ಲಿ ಜಾಗ ಉಳಿಯಿತು ಅಂತ ಬರೆಸಿದ್ದು.

ಸಿದ್ಧಲಿಂಗೇಶ್ ಸರ್ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಕೆಲವು ವಿಷಯಗಳನ್ನು ಅಲ್ಲೇ ಬಿಟ್ಟು ಬಂದವರು. ನಾನು ಹೊಸಬಾಳೆಯ ರೈತರ ಮನೆಯವಳು, ಶಿವಮೊಗ್ಗದಲ್ಲಿ ಡಿಪ್ಲೊಮಾ ಮಾಡಿ ಪಾಸಾದವಳು. ಆದ್ದರಿಂದ ಅವರು ಮಾಲೀಕರು, ನಾನು ‘ನಮ್ಮ ಹುಡುಗಿ’.

ಒಂದು ದಿನ ಸರ್ ಬೆಂಗಳೂರಿನಿಂದ ಎರಡು ನೆಟ್‌ವರ್ಕ್ ಕಾರ್ಡು ತಂದರು. ಹಳೇ ಸಾಮಾನಿನ ಅಂಗಡಿಯಲ್ಲಿ ಚೌಕಾಸಿ ಮಾಡಿ, ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು, ಮದುವೆ ಸೀರೆ ತಂದವರ ಹಾಗೆ ಮೇಜಿನ ಮೇಲೆ ಬಿಡಿಸಿದರು.

“ಇವನ್ನ ಎರಡು ಕಂಪ್ಯೂಟರಿಗೆ ಸಿಕ್ಕಿಸಿ, ನಡುವೆ ವೈರ್ ಎಳೆದ್ರೆ ಆತು. ಇದರಾಗೆ ಬರದಿದ್ದು ಅದರಾಗೆ ಕಾಣ್ತದೆ.”

“ಡ್ರೈವರ್ ಫ್ಲಾಪಿ ಕೊಟ್ಟಿದಾರಾ ಸರ್?” ಅಂದೆ.

“ಬ್ಯಾಡ ಅಂದ. ಎಲ್ಲದಕ್ಕೂ ಹೊಂದಿಕೆಂತದಂತೆ ಇದು.”

ಪೇಪರಿನ ವಧು-ವರರ ಅಂಕಣ ಓದಿದವರಿಗೆ ‘ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ’ ಎನ್ನುವ ಮಾತಿನ ಅರ್ಥ ಗೊತ್ತಿರುತ್ತದೆ. ಈ ಕಾರ್ಡು ಯಾವುದಕ್ಕೂ ಹೊಂದಿಕೊಳ್ಳಲಿಲ್ಲ. ಕಂಪ್ಯೂಟರಿನ ಮಾತು ಒಂದು, ಕಾರ್ಡಿನ ಮೇಲಿರುವ ಚಿಪ್ಪಿನ ಮಾತು ಇನ್ನೊಂದು. ನಡುವೆ ನಿಂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ಹೇಳುವ ಒಂದು ಪ್ರೋಗ್ರಾಂ ಬೇಕು, ಅದೇ ಡ್ರೈವರ್. ಅಂಥ ಎರಡು ಮೂರು ಪ್ರೋಗ್ರಾಂಗಳನ್ನು ಸ್ನೇಹಿತೆಯರಿಂದ ತರಿಸಿ ಹಾಕಿ ನೋಡಿದೆ. ಒಂದೊಂದೂ ಕಾರ್ಡನ್ನು ನೋಡಿ, ಇಂಥವರು ನಮ್ಮ ಕಡೆಯವರಲ್ಲ ಅಂತ ಮುಖ ತಿರುಗಿಸಿತು.

“ಹಂಗಾದ್ರೆ ನೀನೇ ಬರಿ,” ಅಂದರು ಸರ್, ಚೀಟಿ ಬರಿ ಅನ್ನುವಷ್ಟು ಸುಲಭವಾಗಿ. ಆಮೇಲೆ ನನ್ನ ಮುಖ ನೋಡಿ ಒಂದು ಆಸೆಯನ್ನೂ ಹುಟ್ಟಿಸಿದರು. “ಸೊರಬದಾಗೆ ಬ್ರಾಂಚ್ ತಗಿತಾ ಇದೀವಿ. ಓಪನಿಂಗ್ ದಿನ ಎರಡು ಮಷಿನ್ ಒಂದಕ್ಕೊಂದು ಮಾತಾಡಿದ್ರೆ, ಸೊರಬದ ಕೀ ನಿನ್ನ ಕೈಗೆ. ಇನ್‌ಚಾರ್ಜ್ ನೀನೇ.”

ಕೀ ಅಂದರೆ ಬರೀ ಬೀಗದ ಕೀ ಅಲ್ಲ. ಶಿಕಾರಿಪುರದಲ್ಲಿ ಕ್ಲಾಸು ಮುಗಿದ ತಕ್ಷಣ ಕಂಪ್ಯೂಟರಿಗೆ ಪ್ಲಾಸ್ಟಿಕ್ ಮುಸುಕು ಹಾಕಿ ಬೀಗ ಜಡಿಯುತ್ತಿದ್ದರು. ನನಗಾಗಿ ಕೂತು ಕೆಲಸ ಮಾಡಬೇಕೆಂದರೆ ವಿದ್ಯಾರ್ಥಿಗಳು ಬಾರದ ದಿನಕ್ಕಾಗಿ ಕಾಯಬೇಕಿತ್ತು. ಸೊರಬದಲ್ಲಿ ಎರಡು ಮಷಿನ್ನು, ಒಂದು ಕೋಣೆ, ಬಾಗಿಲು ತೆಗೆಯುವವಳೂ ನಾನು, ಹಾಕುವವಳೂ ನಾನು. ರಾಜನ ಅರ್ಧ ರಾಜ್ಯ ಬೇಡ ಅಂದವಳಿಗೆ ಇಡೀ ರಾಜ್ಯ ಕೊಟ್ಟಂತಾಯಿತು. ಕೀ ಸಿಗದಿದ್ದರೂ ಏನೂ ಕೆಟ್ಟು ಹೋಗುತ್ತಿರಲಿಲ್ಲ. ಯೂರಿಯಾ ವಾಸನೆಯಲ್ಲಿ ಲೋಟಸ್ ಕಲಿಸುತ್ತಾ ಮುದುಕಿಯಾಗುತ್ತಿದ್ದೆ, ಅಷ್ಟೆ.

ಪಾಲಿಟೆಕ್ನಿಕ್‌ನಲ್ಲಿ ನನಗೆ ಪಾಠ ಹೇಳಿದ್ದ ಶಕುಂತಲಮ್ಮ ಮೇಡಂ ಆ ಚಿಪ್ಪಿನ ಮಾಹಿತಿಯ ಜೆರಾಕ್ಸ್ ಕಳಿಸಿಕೊಟ್ಟರು. ಚಿಪ್ಪು ಎಂಬತ್ತರ ದಶಕದ್ದು. ಅದರೊಳಗೆ ಪುಟ್ಟ ಪುಟ್ಟ ಕೋಣೆಗಳಿವೆ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಖ್ಯೆ ಇಟ್ಟರೆ ಚಿಪ್ಪು ಒಂದೊಂದು ಕೆಲಸ ಮಾಡುತ್ತದೆ. ವಿಚಿತ್ರವೆಂದರೆ ಬಾಗಿಲುಗಳು ಕಡಿಮೆ, ಕೋಣೆಗಳು ಜಾಸ್ತಿ. ಮೊದಲು ಒಂದು ಆಜ್ಞೆ ಹೇಳಿ ಬಾಗಿಲು ತೆಗೆದರೆ ಒಂದು ಕೋಣೆ, ಬೇರೆ ಆಜ್ಞೆ ಹೇಳಿ ಅದೇ ಬಾಗಿಲು ತೆಗೆದರೆ ಬೇರೆ ಕೋಣೆ. ಇದನ್ನು ಓದಿ ಇಂಜಿನಿಯರುಗಳು ತಲೆ ಚಚ್ಚಿಕೊಳ್ಳುತ್ತಾರಂತೆ. ನನಗೇನೂ ಅನ್ನಿಸಲಿಲ್ಲ. ನನ್ನ ಅಜ್ಜಿ ತುಂಗಮ್ಮ ಹೇಳುತ್ತಿದ್ದ ಕತೆಗಳಲ್ಲಿ ಒಂದು ಬಾಗಿಲಿಗೆ ಒಂದೇ ಕೋಣೆ ಇದ್ದದ್ದನ್ನು ನಾನು ಕೇಳಿಯೇ ಇಲ್ಲ.

ಹೀಗೆ ಬರೆಯುತ್ತಾ ಹೋದೆ. ಚಿಪ್ಪನ್ನು ಎಬ್ಬಿಸುವುದು, ಅದಕ್ಕೆ ಅದರ ವಿಳಾಸ ಹೇಳುವುದು, ವೈರಿನಲ್ಲಿ ಬಂದದ್ದನ್ನು ಇಟ್ಟುಕೊಳ್ಳಲು ಜಾಗ ಕೊಡುವುದು. ಮಧ್ಯೆ ಮಧ್ಯೆ ಕನಸು. ನಾನು ಸ್ಕ್ರೀನ್ ನೋಡುತ್ತಾ ಕೂತಿದ್ದರೆ ವಿದ್ಯಾರ್ಥಿಗಳು, “ಮೇಡಂ ಹ್ಯಾಂಗ್ ಆಗಿದಾರೆ ಕಣೋ,” ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಈ ಮಷಿನ್ನಿನಲ್ಲಿ ಒತ್ತಿದ ‘ಎ’ ಆ ಮಷಿನ್ನಿನಲ್ಲಿ ಮೂಡಿತು. ನಾನು ಕೂಗಿದ ಕೂಗಿಗೆ ಕೆಳಗಿನ ಅಂಗಡಿಯಿಂದ ಪಂಚಾಕ್ಷರಪ್ಪನವರೇ ಮೇಲೆ ಬಂದರು.

“ಏನಾತವ್ವ, ಶಾಕ್ ಹೊಡೀತೇನು?”

“ಇಲ್ಲ ಸರ್. ‘ಎ’ ಹೋಯ್ತು.”

“ಎಲ್ಲಿಗೆ?”

“ಅಲ್ಲಿಗೆ.” ಎರಡು ಮಾರು ಆಚೆಯ ಮೇಜು ತೋರಿಸಿದೆ.

ಅವರು ಮೇಜು ನೋಡಿದರು, ವೈರು ನೋಡಿದರು, ನನ್ನನ್ನು ನೋಡಿದರು. “ಕೂಗಿದ್ರೆ ಕೇಳ್ತಿತ್ತಲ್ಲ,” ಅಂದು ಇಳಿದು ಹೋದರು.

ಆದರೆ ಸಂತೋಷ ಒಂದು ಸಾಲಿಗಿಂತ ಉದ್ದ ಬರಲಿಲ್ಲ. ಒಂದೆರಡು ಪದ ಹೋಗುತ್ತಿತ್ತು, ಆಮೇಲೆ ಚಿಪ್ಪು ಮೂಕವಾಗುತ್ತಿತ್ತು. ಒಮ್ಮೆ ಐದನೇ ಅಕ್ಷರಕ್ಕೆ, ಒಮ್ಮೆ ಎರಡನೇ ಸಾಲಿಗೆ. ಏನು ಮಾಡಿದರೂ ಬಾಯಿ ಬಿಡದು. ನಮ್ಮ ಸೆಂಟರಿನಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧಿ, ಸ್ವಿಚ್ಚು ಆರಿಸಿ ಮತ್ತೆ ಹಾಕುವುದು. ಆರಿಸಿ ಹಾಕಿದರೆ ಮತ್ತೆ ಒಂದೆರಡು ಪದ, ಮತ್ತೆ ಮೌನ. ಸಿಟ್ಟು ಮಾಡಿಕೊಂಡ ಸೊಸೆಯೂ ಇಷ್ಟು ಕ್ರಮಬದ್ಧವಾಗಿ ಮಾತು ಬಿಡುವುದಿಲ್ಲ.

ಓಪನಿಂಗ್ ಹತ್ತಿರ ಬಂತು. ಸಿದ್ಧಲಿಂಗೇಶ್ ಸರ್ ‘ನಮಸ್ಕಾರ ಸೊರಬ’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ನೋಡಿದರು. ಆಚೆ ಕಡೆ ‘ನಮಸ್ಕಾ’ ಬಂದು ನಿಂತಿತು.

“ಇದು ಅರ್ಧ ಕೈ ಮುಗಿದಂಗಾತು,” ಅಂದರು. ಅಷ್ಟರಲ್ಲೇ ಅವರ ಮುಖ ಬೆಳಗಿತು. ಇಂಜಿನಿಯರಿಂಗಿನಲ್ಲಿ ಬಿಟ್ಟು ಬಂದ ವಿಷಯಗಳೆಲ್ಲ ವಾಪಸು ಬಂದವೇನೋ ಅನ್ನುವ ಹಾಗೆ. “ಒಂದು ಕೆಲ್ಸ ಮಾಡಣ. ಒಂದು ಮಷಿನ್ ಮುಂದಿನ ಕೋಣ್ಯಾಗೆ, ಒಂದು ಹಿಂದಿನ ಕೋಣ್ಯಾಗೆ, ನಡುವೆ ಪರದೆ. ಮುಂದೆ ಅತಿಥಿಗಳು ಟೈಪ್ ಮಾಡ್ತಾರೆ, ನಾನು ಜನಕ್ಕೆ ಗಟ್ಟಿಯಾಗಿ ಓದಿ ಹೇಳ್ತೀನಿ. ಹಿಂದೆ ನಮ್ಮ ಈಶ್ವರ್ ಕೂತಿರ್ತಾನೆ. ಕೇಳಿಸ್ಕೆಂಡು ಅದನ್ನೇ ಟೈಪ್ ಮಾಡಿ, ಹಿತ್ತಲ ಬಾಗ್ಲಾಗೆ ಹೊರಗೆ ಹೋಗ್ತಾನೆ. ಪರದೆ ಸರಿಸಿದ್ರೆ, ನೆಟ್‌ವರ್ಕಿಂಗ್!”

ಈಶ್ವರ್ ಅಂದರೆ ಉಡುತಡಿಯವನು, ಸರ್ ಹೆಂಡತಿಯ ತಮ್ಮ. ಕಂಪ್ಯೂಟರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದು ತನ್ನ ಭಾವನದು ಅನ್ನುವುದು.

“ಮತ್ತೆ ಕೀ, ಸರ್?” ಅಂದೆ.

“ಮಾತಾಡಿಸಿದವರಿಗೆ ಕೀ,” ಅಂದರು. ಯಾರು ಯಾರನ್ನು ಮಾತಾಡಿಸುತ್ತಿದ್ದಾರೆ ಅನ್ನುವುದು ಪರದೆಯ ಹಿಂದೆ ಉಳಿಯಿತು.

ಓಪನಿಂಗ್‌ನ ಹಿಂದಿನ ದಿನ ಮಷಿನ್ನುಗಳನ್ನು ಸೊರಬಕ್ಕೆ ಸಾಗಿಸಿದೆವು. ಕೋಣೆ ಅಕ್ಕಿ ಗಿರಣಿಯ ಉಚ್ಚಂಗಪ್ಪನವರದು. ದೊಡ್ಡ ಮೀಸೆಯ ಅವರು, ಬಾಡಿಗೆಗೆ ಕೊಡುವ ಮುಂಚೆಯೇ ಒಂದು ಷರತ್ತು ಹಾಕಿದ್ದರು: ಪೆಟ್ಟಿಗೆಗಳು ಮಾತಾಡುವುದನ್ನು ಕಣ್ಣಾರೆ ನೋಡಬೇಕು, ಇಲ್ಲದಿದ್ದರೆ ಕೋಣೆಯನ್ನು ಸೀರೆ ಅಂಗಡಿಯವನು ಕೇಳುತ್ತಿದ್ದಾನೆ. ಗಿರಣಿ ನಡೆಸಿ ನಡೆಸಿ, ತೂಗಿದ ಚೀಲವನ್ನು ಇನ್ನೊಮ್ಮೆ ಎತ್ತಿ ನೋಡದೆ ಯಾರನ್ನೂ ನಂಬದ ಮನುಷ್ಯ.

ಸರ್ ಪರದೆ ಕಟ್ಟಿಸಲು ಹೋದರು. ಈಶ್ವರ್ ಹಿಂದಿನ ಕೋಣೆಯಲ್ಲಿ ಕೂತು ‘ಎನ್’ ಎಲ್ಲಿದೆ ಅಂತ ಹುಡುಕುವ ಅಭ್ಯಾಸ ಮಾಡುತ್ತಿದ್ದ. ಅವನು ಚಹಾಕ್ಕೆ ಎದ್ದು ಹೋದಾಗ ನಾನು ನನ್ನ ಫ್ಲಾಪಿ ಹಾಕಿದೆ. ಆ ಮಷಿನ್ನುಗಳಿಗೆ ಹಾರ್ಡ್‌ಡಿಸ್ಕ್ ಇರಲಿಲ್ಲ. ಫ್ಲಾಪಿಯಿಂದಲೇ ಅವುಗಳಿಗೆ ಜೀವ. ಎರಡೂ ಕಡೆ ಡ್ರೈವರ್ ಹಾಕಿ ಒತ್ತತೊಡಗಿದೆ. ಎಂದಿನಂತೆ ಮೂಕವಾಯಿತು. ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಹೋಯಿತು. ಆದರೆ ಸೊರಬದ ಆ ಕೋಣೆಯಲ್ಲಿ ಸ್ವಿಚ್ಚು ಮೇಜಿನ ಹಿಂದೆ, ಗೋಡೆಯ ಮೂಲೆಯಲ್ಲಿ. ಏಳಲು ಬೇಸರ. ಆರಿಸುವ ಬದಲು, ಮೂಕವಾದ ಚಿಪ್ಪಿನೊಳಗೆ ಏನಿದೆ ಅಂತ ಒಮ್ಮೆ ಇಣುಕಿ ನೋಡಿದರೇನು ಅನ್ನಿಸಿತು. ಸೋಮಾರಿತನದಿಂದ ಆದ ಒಳ್ಳೆಯ ಕೆಲಸಗಳ ಬಗ್ಗೆ ಯಾರೂ ಕತೆ ಹೇಳುವುದಿಲ್ಲ.

ಚಿಪ್ಪಿಗೆ ಏನಾದರೂ ಹೇಳಬೇಕಾದಾಗ ಅದು ಕಂಪ್ಯೂಟರಿನ ಕಡೆಗೆ ಕೈ ಎತ್ತುತ್ತದೆ, ಕ್ಲಾಸಿನಲ್ಲಿ ಮಕ್ಕಳು ಎತ್ತುವಂತೆ. ಏನು ಹೇಳಬೇಕು ಅನ್ನುವುದನ್ನು ಒಂದು ಕೋಣೆಯಲ್ಲಿ ಗುರುತು ಹಾಕಿಟ್ಟಿರುತ್ತದೆ: ವೈರಿನಲ್ಲಿ ಅಕ್ಷರಗಳ ಒಂದು ಪೊಟ್ಟಣ ಬಂತು, ಅಥವಾ ನೀನು ಕೊಟ್ಟದ್ದನ್ನು ಕಳಿಸಿದೆ. ನನ್ನ ಡ್ರೈವರ್ ಆ ಗುರುತು ನೋಡಿ, ಕೆಲಸ ಮಾಡಿ, ‘ಹೂಂ, ಗೊತ್ತಾಯಿತು’ ಅಂತ ಗುರುತನ್ನು ಅಳಿಸಬೇಕು. ಆಗ ಚಿಪ್ಪು ಕೈ ಇಳಿಸುತ್ತದೆ. ಆ ಹಳೆಯ ಕಂಪ್ಯೂಟರಿನ ಸ್ವಭಾವ ಒಂದಿದೆ: ಅದು ಎತ್ತಿದ ಕೈಯನ್ನು ನೋಡುವುದಿಲ್ಲ, ಕೈ ಮೇಲೇಳುವ ಗಳಿಗೆಯನ್ನು ಮಾತ್ರ ನೋಡುತ್ತದೆ. ಎತ್ತಿದ ಕೈ ಇಳಿಯದೆ ಹಾಗೇ ಇದ್ದರೆ, ಇಡೀ ದಿನ ಇದ್ದರೂ, ಅದರ ಕಣ್ಣಿಗೆ ಬೀಳದು. ಕೆಲವು ಮೇಷ್ಟ್ರುಗಳೂ ಹೀಗೇ.

ಇಣುಕಿ ನೋಡಿದೆ. ಆ ಕೋಣೆಯಲ್ಲಿ ಗುರುತು ಹಾಗೇ ಉಳಿದಿತ್ತು.

ಚಿಪ್ಪು ಮೂಕವಾಗಿರಲಿಲ್ಲ. ಕೈ ಎತ್ತಿಕೊಂಡೇ ಕೂತಿತ್ತು. ಎರಡು ಸಂಗತಿ ಒಟ್ಟಿಗೇ ಆದಾಗ, ಅಂದರೆ ಒಂದು ಅಕ್ಷರ ಕಳಿಸಿ ಮುಗಿಯುವಷ್ಟರಲ್ಲಿ ಆಚೆಯಿಂದ ‘ಬಂತು’ ಅನ್ನುವ ಉತ್ತರವೂ ಬಂದಾಗ, ಚಿಪ್ಪು ಒಂದೇ ಸಲ ಕೈ ಎತ್ತುತ್ತದೆ, ಹೇಳುವುದು ಎರಡಿರುತ್ತದೆ. ನಾನು ಮೊದಲನೆಯದಕ್ಕೆ ಹೂಂ ಅಂದು, ಸಭ್ಯಳಾಗಿ ಹಿಂತಿರುಗಿ ಬಂದುಬಿಡುತ್ತಿದ್ದೆ. ಎರಡನೆಯದು ಕೇಳುವವರಿಲ್ಲದೆ ಕೈ ಮೇಲೇ ಉಳಿಯುತ್ತಿತ್ತು. ಆಮೇಲೆ ಎಲ್ಲ ಮೌನ.

ಯಾಕೆ ಹಾಗೆ ಬರೆದೆ? ಯಾವ ಪುಸ್ತಕವೂ ಹಾಗೆ ಬರಿ ಅಂದಿರಲಿಲ್ಲ. ಜೆರಾಕ್ಸಿನಲ್ಲೂ ಇರಲಿಲ್ಲ. ಪ್ರೋಗ್ರಾಮನ್ನು ನೋಡುತ್ತಾ ಕೂತವಳಿಗೆ ಸೆಗಣಿ ಸಾರಿಸಿದ ಜಗಲಿಯ ವಾಸನೆ ಬಂತು. ನಮ್ಮಜ್ಜಿ ಕತೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆ ನಿಲ್ಲುತ್ತದೆ. ಅದು ಎಲ್ಲರ ಮನೆಯ ಪದ್ಧತಿಯೇ. ಆದರೆ ನಮ್ಮಜ್ಜಿಯದು ಇನ್ನೊಂದು ಕಟ್ಟಳೆ ಇತ್ತು: ಒಂದು ಮಾತಿಗೆ ಒಂದೇ ಹೂಂ. ಎರಡು ಹೂಂ ಅಂದರೆ ಕತೆಯ ಕಾಲು ಕುಂಟಾಗುತ್ತದೆ, ರಾಜಕುಮಾರ ದಾರಿಯಲ್ಲೇ ಬೀಳುತ್ತಾನೆ. ಹದಿನೈದು ವರ್ಷದ ಮೇಲೆ, ಅಮೆರಿಕದ ಚಿಪ್ಪಿನ ಎದುರು ಕೂತು, ರಾಜಕುಮಾರ ಬೀಳಬಾರದು ಅಂತ ನಾನು ಒಂದೇ ಹೂಂ ಅಂದು ಎದ್ದು ಬಂದಿದ್ದೆ.

ಒಂದು ಪದ ಬದಲಾಯಿಸಿದೆ. ‘ಗುರುತಿದ್ದರೆ ಹೂಂ ಅನ್ನು’ ಅನ್ನುವುದನ್ನು ‘ಗುರುತು ಇರುವವರೆಗೂ ಹೂಂ ಅನ್ನು’ ಅಂತ ಮಾಡಿದೆ. ಆಮೇಲೆ ಎರಡೂ ಕೀಬೋರ್ಡಿನ ಮೇಲೆ ಅಂಗೈ ಊರಿದೆ, ಓಡಾಡಿಕೊಂಡು ಸಿಕ್ಕ ಸಿಕ್ಕ ಗುಂಡಿ ಒತ್ತಿದೆ. ಪುಟ ತುಂಬಿತು, ಮತ್ತೆ ತುಂಬಿತು. ಚಿಪ್ಪು ಮಾತು ನಿಲ್ಲಿಸಲೇ ಇಲ್ಲ.

ಸರ್ ಬಂದಾಗ ತೋರಿಸಿದೆ. ಅವರು ‘ನಮಸ್ಕಾರ ಸೊರಬ’ ಒತ್ತಿದರು. ಪೂರ್ತಿ ಬಂತು. ಮತ್ತೆ ಒತ್ತಿದರು, ಮತ್ತೆ ಬಂತು.

“ಭಾರಿ ಆತು,” ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, “ನಾಳೆ ಕೈ ಕೊಟ್ರೆ?”

“ಕೊಡಲ್ಲ ಸರ್. ಯಾಕೆ ನಿಲ್ತಿತ್ತು ಅಂತ ಗೊತ್ತಾಗಿದೆ. ಅದು ಹೆಂಗಂದ್ರೆ—”

“ಅದೆಲ್ಲ ಬ್ಯಾಡ. ಈಶ್ವರ ಕೈ ಕೊಡಲ್ಲ, ಮನೆಯವನು. ನಾಳೆ ಬೆಳಿಗ್ಗೆ ಆ ವೈರ್ ಬಿಚ್ಚಿಡು. ಎರಡೂ ಸೇರಿ ಏನಾರ ಅನಾಹುತ ಆಗದು ಬ್ಯಾಡ.”

ನಿಜವಾದದ್ದು ಕೈಯಲ್ಲಿದ್ದರೂ, ರೂಢಿಯಾದ ಮೋಸವೇ ಹೆಚ್ಚು ನೆಚ್ಚಿಗೆಯದು ಅನ್ನುವ ವ್ಯಾಪಾರದ ಪಾಠವನ್ನು ಅವತ್ತು ಕಲಿತೆ.

ಸಂಜೆ ಹೊಸಬಾಳೆಗೆ ಹೋಗಿ ಅಜ್ಜಿಯ ಎದುರು ಕೂತೆ. ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದಳು.

“ನಿನ್ನ ದೆಸೆಯಿಂದ ನನ್ನ ಕೆಲಸ ಹೋಗ್ತಿತ್ತು ಅಜ್ಜಿ,” ಅಂದೆ. “ಒಂದು ಮಾತಿಗೆ ಒಂದೇ ಹೂಂ ಅನ್ನಬೇಕು ಅಂತ ಯಾರು ಹೇಳಿದ್ದು ನಿಂಗೆ?”

“ಯಾರು ಹೇಳ್ತಾರೆ? ನಾನೇ ಮಾಡಿದ್ದು.”

“ಕತೆ ಕುಂಟಾಗ್ತದೆ ಅಂದಿದ್ದೆ!”

“ಎಂತ ಮಾಡದೇ ಮಾರಾಯ್ತಿ? ನಿಂಗೆ ಕತೆ ಬ್ಯಾಗ ಮುಗೀಬೇಕು, ಇನ್ನೊಂದು ಕತೆ ಶುರು ಆಗಬೇಕು. ಹೂಂ ಹೂಂ ಹೂಂ ಹೂಂ ಅಂತ ದನ ಹೊಡ್ದಂಗೆ ಹೊಡೀತಿದ್ದೆ. ನಂಗೆ ಉಸಿರು ಬಿಡಕ್ಕೂ ಪುರಸೊತ್ತು ಇರ್ತಿರಲಿಲ್ಲ. ಅದ್ಕೆ ಹೇಳ್ದೆ.”

“ನನಗೊಬ್ಬಳಿಗಾ?”

“ನಿನ್ನಷ್ಟು ಕಾಟದ ಕೂಸು ಇನ್ಯಾರಿದ್ರು? ನಿನ್ನ ತಮ್ಮ ತೀರ್ಥೇಶ ಎರಡನೇ ಹೂಂಗೇ ನಿದ್ದೆ ಹೋಗ್ತಿದ್ದ.”

ಶಾಸ್ತ್ರ ಅಂದುಕೊಂಡದ್ದು ಬರೀ ನನ್ನ ಬಾಯಿ ಮುಚ್ಚಿಸುವ ಉಪಾಯವಾಗಿತ್ತು. ಶಾಸ್ತ್ರಗಳ ಇತಿಹಾಸವನ್ನು ಯಾರಾದರೂ ಬರೆಯುವುದಿದ್ದರೆ ಇದನ್ನೂ ಸೇರಿಸಿಕೊಳ್ಳಲಿ.

“ನಾಳೆ ಅವ್ರು ಈಶ್ವರನ್ನೇ ಕೂರಿಸ್ತಾರಂತೆ,” ಅಂದೆ. “ನನ್ನ ವೈರ್ ಬಿಚ್ಚಿಡಬೇಕಂತೆ.”

“ಬಿಚ್ಚಿಡ್ತೀಯ?”

“ಹೂಂ ಅಂದು ಬಂದಿದೀನಿ.”

“ಅಂದ್ರೆ ಬಿಚ್ಚಲ್ಲ,” ಅಂದು ಅಜ್ಜಿ ಅವರೆಕಾಯಿಯ ಮೊರವನ್ನು ನನ್ನ ಕಡೆ ತಳ್ಳಿದಳು.

ಮರುದಿನ ಬೆಳಿಗ್ಗೆ ವೈರನ್ನು ಬಿಚ್ಚಲಿಲ್ಲ. ಬೇಗ ಹೋಗಿ ಎರಡೂ ಮಷಿನ್ನಿಗೆ ನನ್ನ ಫ್ಲಾಪಿ ಹಾಕಿ, ಡ್ರೈವರ್ ಓಡಿಸಿ, ಏನೂ ಗೊತ್ತಿಲ್ಲದವಳಂತೆ ಹೂವಿನ ಹಾರ ಬಿಡಿಸುತ್ತಾ ನಿಂತೆ.

ಜನ ಸೇರಿದರು. ಮಷಿನ್ನಿನ ಹಣೆಗೆ ವಿಭೂತಿ, ಮೌಸಿಗೆ ಕುಂಕುಮ. ಪಂಚಾಕ್ಷರಪ್ಪನವರು ಒಂದು ಕಾಯಿ ಒಡೆದು, ನೀರು ಕೀಬೋರ್ಡಿನ ಮೇಲೆ ಬೀಳದಂತೆ ತಿರುಗಿ, ನನ್ನ ಸೀರೆಯ ಮೇಲೆ ಚೆಲ್ಲಿದರು. ಸಿದ್ಧಲಿಂಗೇಶ್ ಸರ್ ಭಾಷಣ ಮಾಡಿದರು. ಇನ್ನು ಮೇಲೆ ಸೊರಬಕ್ಕೂ ಜಗತ್ತಿಗೂ ನಡುವೆ ಒಂದು ವೈರ್ ಮಾತ್ರ ಅಂದರು. ಆ ವೈರು ಮುಂದಿನ ಕೋಣೆಯಿಂದ ಹಿಂದಿನ ಕೋಣೆಯವರೆಗೆ ಮಾತ್ರ ಇದೆ ಅಂತ ಯಾರೂ ಎದ್ದು ಹೇಳಲಿಲ್ಲ. ಭಾಷಣದ ಮಧ್ಯೆ ಈಶ್ವರ್ ಮೆಲ್ಲಗೆ ಪರದೆಯ ಹಿಂದೆ ಜಾರಿಕೊಂಡ. ಉಚ್ಚಂಗಪ್ಪನವರಿಗೆ ಕುಡಿಯುವ ನೀರು ತಂದುಕೊಡುತ್ತೇನೆ ಅಂತ ಅವನು ಹೇಳಿ ಅರ್ಧ ಗಂಟೆಯಾಗಿತ್ತು.

“ಈಗ ನಮ್ಮ ಉಚ್ಚಂಗಪ್ಪನವರು ಮೊದಲ ಸಂದೇಶ ಕಳಿಸ್ತಾರೆ,” ಅಂದರು ಸರ್. “ಯಜಮಾನ್ರೇ, ‘ನಮಸ್ಕಾರ ಸೊರಬ’ ಅಂತ ಹೊಡೀರಿ. ನಾನು ಓದಿ ಹೇಳ್ತೀನಿ.”

ಉಚ್ಚಂಗಪ್ಪನವರು ಕನ್ನಡಕ ಏರಿಸಿದರು. “ನೀನ್ಯಾಕೆ ಓದ್ತೀಯಾ?”

“ಜನಕ್ಕೆ ಗೊತ್ತಾಗ್ಲಿ ಅಂತ.”

“ನಾ ಏನು ಬರದೆ ಅಂತ ಆ ಪೆಟ್ಟಿಗೆನೇ ಹೇಳ್ಲಿ. ನೀನು ಹೇಳದಾದ್ರೆ ಪೆಟ್ಟಿಗೆ ಯಾಕೆ ಬೇಕು? ಆ ಕಡೆ ತಿರುಗು ನೀನು.”

ಸರ್ ಮುಖ ಹಳೇ ಸುಣ್ಣದ ಗೋಡೆಯಂತಾಯಿತು. “ಅಲ್ರೀ, ನಮಸ್ಕಾರ ಅಂದ್ರೆ ಚಲೋ ಇತ್ತು…”

“ನಮಸ್ಕಾರ ಬಾಯಾಗೇ ಮಾಡಿದೀನಲ್ಲ.” ಅವರು ಬಗ್ಗಿ, ತೋರುಬೆರಳಿನಿಂದ, ಭತ್ತದ ಕಾಳು ಆರಿಸಿದಂತೆ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ಪರದೆಯ ಹಿಂದೆ ಏನೂ ಸದ್ದಿಲ್ಲ. ಓದುವ ದನಿ ಯಾವಾಗ ಕೇಳುತ್ತದೆ ಅಂತ ಈಶ್ವರ್ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಿರಬೇಕು. ನಾನು ಮುಂದಿನ ಸಾಲಿನಿಂದ ಸ್ಕ್ರೀನ್ ಓದುತ್ತಿದ್ದೆ. ಐ, ಎಸ್, ಎಚ್, ಡಬ್ಲ್ಯು…

‘ಈಶ್ವರ ಎಲ್ಲಿ ಹೋದ.’

ಕೊನೆಯ ಅಕ್ಷರ ಒತ್ತಿ ಉಚ್ಚಂಗಪ್ಪನವರು ತಲೆ ಎತ್ತುವುದಕ್ಕೂ, ಪರದೆಯ ಹಿಂದೆ ಕುರ್ಚಿ ಬಿದ್ದ ಸದ್ದಾಗುವುದಕ್ಕೂ ಸರಿಹೋಯಿತು.

“ಇಲ್ಲೇ ಅದೀನ್ರೀ ಯಜಮಾನ್ರೇ! ನೀರು ತರ್ತಾ ಇದ್ದೆ, ಆಣೆ ಮಾಡಿ ಹೇಳ್ತೀನಿ, ನೀರು ತರ್ತಾ ಇದ್ದೆ!”

ಪರದೆ ತಂತಿಯ ಸಮೇತ ಕೆಳಗೆ ಬಂತು. ಅದರೊಳಗಿಂದ ಈಶ್ವರ್ ಬಂದ. ಅವನ ಹಿಂದೆ ಸ್ಕ್ರೀನಿನ ಮೇಲೆ, ಹಸಿರು ಅಕ್ಷರದಲ್ಲಿ, ಅವನ ಹೆಸರು.

ಇಡೀ ಕೋಣೆ ನಕ್ಕಿತು. ಉಚ್ಚಂಗಪ್ಪನವರು ನಗಲಿಲ್ಲ. ಒಳಗೆ ಹೋಗಿ, ಸ್ಕ್ರೀನಿನ ಹತ್ತಿರ ಮೂಗು ತಂದು ಓದಿದರು. ವಾಪಸು ಬಂದು ತಾವು ಒತ್ತಿದ್ದನ್ನು ಇನ್ನೊಮ್ಮೆ ಓದಿದರು. “ಅಕ್ಷರಕ್ಕೆ ಅಕ್ಷರ ಐತೆ,” ಅಂತ ತೀರ್ಪು ಕೊಟ್ಟರು.

ಸಿದ್ಧಲಿಂಗೇಶ್ ಸರ್ ಅವರ ಇಂಜಿನಿಯರಿಂಗ್ ಅಪೂರ್ಣವಾಗಿರಬಹುದು, ಬುದ್ಧಿಯಲ್ಲ. “ನೋಡ್ರಿ!” ಅಂತ ಮೈಕು ಹಿಡಿದರು. “ಕರದ್ರೆ ಮನುಷ್ಯನೇ ಎದ್ದು ಬರ್ತಾನೆ! ಇದೇ ನೆಟ್‌ವರ್ಕಿಂಗ್! ಆಪರೇಟರ್ ಜಾಗದಲ್ಲಿ ಕೂತಿದ್ದ ನಮ್ಮ ಈಶ್ವರ್ ಅವರೇ ಇನ್ನು ಮುಂದೆ ಸೊರಬ ಬ್ರಾಂಚಿನ ಇನ್‌ಚಾರ್ಜ್!”

ಚಪ್ಪಾಳೆ. ಬೆವರು ಒರೆಸಿಕೊಳ್ಳುತ್ತಿದ್ದ ಈಶ್ವರನ ಕೈಗೆ ಎಲ್ಲರೆದುರು ಕೀ ಬಂತು. ಆಮೇಲೆ ನನ್ನ ಕಡೆ ತಿರುಗಿ, “ನಮ್ಮ ಹುಡುಗಿನೂ ಸಹಾಯ ಮಾಡಿದಾಳೆ,” ಅಂದರು.

ಊಟಕ್ಕೆ ಗೋಧಿ ಹುಗ್ಗಿ. ಎಲೆಯ ಮುಂದೆ ಕೂತಾಗ ಸರ್ ಹತ್ತಿರ ಬಂದು ಸಮಾಧಾನ ಹೇಳಿದರು. “ಹೆಣ್ಣುಮಗಳು, ಒಬ್ಳೇ ಬೀಗ ತಗೆಯೋದು ಹಾಕೋದು ಚಂದಾಗಲ್ಲಮ್ಮ. ನೀನು ಬಂದು ಕೆಲ್ಸ ನೋಡ್ಕ. ಕೀ ಅವನತ್ರ ಇರ್ತದೆ, ಅಷ್ಟೆ.”

“ಹೂಂ,” ಅಂದೆ. ಹುಗ್ಗಿ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಊಟದ ಮಧ್ಯೆ ಕರೆಂಟು ಹೋಯಿತು. ಕರೆಂಟು ಹೋದಾಗ ಫ್ಲಾಪಿಯನ್ನು ಮಷಿನ್ನಿನಿಂದ ತೆಗೆದಿಡುವುದು ಒಳ್ಳೆಯ ಅಭ್ಯಾಸ. ನಾನೇ ಮೊದಲ ಕ್ಲಾಸಿನಲ್ಲಿ ಕಲಿಸುವ ಪಾಠ. ಕೈ ತೊಳೆದು ಹೋಗಿ ಎರಡನ್ನೂ ತೆಗೆದೆ, ಚೀಲದಲ್ಲಿ ಹಾಕಿಕೊಂಡೆ, ಬಸ್‌ಸ್ಟ್ಯಾಂಡಿಗೆ ನಡೆದೆ.

ಶಿಕಾರಿಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಕ್ಯಾಸನೂರಿನ ಕಡೆಯದು ಬಂದು ಹೋಯಿತು. ಬೆಂಚಿನ ಮೇಲೆ ಕೂತು ಯೂರಿಯಾ ವಾಸನೆಗೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸರ್ ಅವರ ಸ್ಕೂಟರ್ ಬಂತು. ಕರೆಂಟು ಬಂದಿರಬೇಕು.

“ಎಲ್ಲಿಗೆ ಹೊಂಟೆ ನೀನು? ಫ್ಲಾಪಿ ಎಲ್ಲಿ?”

“ಚೀಲದಲ್ಲಿದೆ ಸರ್.”

“ಉಚ್ಚಂಗಪ್ಪ ಅಳಿಯನ್ನ ಕರ್ಕಂಡು ಬಂದು ಕೂತಾನೆ. ಇನ್ನೊಂದ್ಸಲ ತೋರ್ಸು ಅಂತಾನೆ. ಮಷಿನ್ ಹಾಕಿದ್ರೆ ಬರೀ ಕಪ್ಪು! ಇನ್ನೊಂದು ಕಾಪಿ ಎಲ್ಲಿಟ್ಟಿದೀಯಾ?”

“ಅದೂ ಇದೇ ಚೀಲದಲ್ಲಿದೆ.”

“ಕೊಡು ಮತ್ತೆ!”

“ಕೀ ಎಲ್ಲಿ ಸರ್?”

“ಕೀ ಈಶ್ವರನತ್ರ ಐತೆ.”

“ಹಂಗಾದ್ರೆ ಈಶ್ವರನ್ನೇ ಪರದೆ ಹಿಂದೆ ಕೂರಿಸ್ರಿ. ಮನೆಯವನು, ಕೈ ಕೊಡಲ್ಲ.”

ಸರ್ ಸುತ್ತಲೂ ನೋಡಿದರು. ಕಡಲೆಕಾಯಿ ಮಾರುವ ಲೋಕಮ್ಮ ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದಳು. “ಜನ ಏನಂತಾರೆ ಮೇಘನಾ? ಎಲ್ಲರೆದುರು ಕೊಟ್ಟ ಕೀ ವಾಪಸ್ ಇಸ್ಕಳಾಕಾಗ್ತದೇನು?”

“ನನಗೆ ಮೊದಲು ಕೊಟ್ಟ ಮಾತು ವಾಪಸ್ ಇಸ್ಕೊಂಡ್ರಲ್ಲ, ಹಂಗೇ.”

“ಅವ್ನು ಸೀರೆ ಅಂಗಡಿಯವನಿಗೆ ಕೋಣೆ ಕೊಟ್ಬಿಡ್ತಾನೆ!”

“ಒಳ್ಳೇ ಸೀರೆ ಬಂದ್ರೆ ಹೇಳ್ರಿ. ನಂದು ಕಾಯಿ ನೀರು ಬಿದ್ದು ಹಾಳಾಗಿದೆ.”

ಅವರು ಸ್ಕೂಟರ್ ಒದ್ದು ಹೋದರು. ಶಿಕಾರಿಪುರದ ಬಸ್ಸು ಆಗಲೇ ಬರಬೇಕೆ? ಬಂದು ನಿಂತಿತು. ಕಂಡಕ್ಟರ್ ಕೂಗಿದ. ಹತ್ತಿದರೆ ಕೀ ಹೋಯಿತು. ಹತ್ತದಿದ್ದರೆ, ಸರ್ ವಾಪಸು ಬಾರದಿದ್ದರೆ, ಕೀಯೂ ಇಲ್ಲ, ಬಸ್ಸೂ ಇಲ್ಲ, ನಾಳೆಯಿಂದ ಶಿಕಾರಿಪುರದ ಕೆಲಸವೂ ಇರಲಾರದು. ಅಜ್ಜಿಯ ಕತೆಗಳಲ್ಲಿ ಇಂಥ ಹೊತ್ತಿನಲ್ಲಿ ಹಕ್ಕಿಯೊಂದು ಬಂದು ದಾರಿ ಹೇಳುತ್ತದೆ. ಸೊರಬ ಬಸ್‌ಸ್ಟ್ಯಾಂಡಿನ ಕಾಗೆಗಳಿಗೆ ನನ್ನ ಮೇಲೆ ಆಸಕ್ತಿ ಇರಲಿಲ್ಲ. ಆದರೂ ಏಳಲಿಲ್ಲ. ಬಸ್ಸು ಹೋಯಿತು.

“ಬಸ್ ಬಿಟ್ಯಲ್ಲೇ ಮಾರಾಯ್ತಿ!” ಅಂದಳು ಲೋಕಮ್ಮ.

“ಬಿಟ್ಟೆ,” ಅಂದೆ.

ಬಂದದ್ದು ಸ್ಕೂಟರಲ್ಲ. ಈಶ್ವರ್, ನಡೆದುಕೊಂಡು, ಓಡಿಕೊಂಡು. ಕೀ ಗೊಂಚಲನ್ನು ಮುಟ್ಟಬಾರದ್ದನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಿದ್ದ.

“ತಗಳ್ರಿ ಮೇಡಂ. ಭಾವ ಹೇಳಿದ್ರು ಅಂತಲ್ಲ, ನಾನೇ ಕೊಡ್ತಾ ಇದೀನಿ.” ಅವನು ದನಿ ತಗ್ಗಿಸಿದ. “ಖರೇ ಹೇಳ್ರಿ, ಅದಕ್ಕೆ ನನ್ನ ಹೆಸರು ಹೆಂಗೆ ಗೊತ್ತಾತು? ನಾನು ಮುಟ್ಟಿಲ್ಲ, ಏನಿಲ್ಲ. ತಂತಾನೇ ಒಂದೊಂದೇ ಅಕ್ಷರ ಬಂತು ನೋಡ್ರಿ, ನನ್ನ ಕಣ್ಣ ಮುಂದೆ. ದಿನಾ ಅದರ ಜತಿ ಒಬ್ನೇ ಕೂರಾದು ನನ್ನ ಕೈಲಾಗಲ್ಲ.”

“ಹೆದರಬೇಡ್ರಿ. ಅಭ್ಯಾಸ ಆದ್ರೆ ಅದು ಒಳ್ಳೇದೇ,” ಅಂದು ಕೀ ತೆಗೆದುಕೊಂಡೆ. ಡ್ರೈವರ್ ಹೇಗೆ ಕೆಲಸ ಮಾಡುತ್ತದೆ ಅಂತ ಅವನಿಗೆ ವಿವರಿಸಬಹುದಿತ್ತು. ವಿವರಿಸಲಿಲ್ಲ. ಸರ್ ಅವರೂ ನನಗೆ ವಿವರಿಸಲು ಬಿಟ್ಟಿರಲಿಲ್ಲವಲ್ಲ.

ಗಿರಣಿಯ ಹತ್ತಿರ ಬಂದಾಗ ಬೋರ್ಡು ಬರೆಯುವ ಹುಲಿಯಪ್ಪ ಏಣಿಯ ಮೇಲಿದ್ದ. ‘ವಿಶ್ವಜ್ಯೋತಿ, ಸೊರಬ ಶಾಖೆ’ ಆಗಿತ್ತು. ಕೆಳಗೆ ‘ಇನ್‌ಚಾರ್ಜ್: ಶ್ರೀ ಈಶ್ವರ್’ ಅಂತ ಬರೆದು, ಕೊನೆಯ ಅಕ್ಷರಕ್ಕೆ ಕುಂಚ ತಾಗಿಸಿಕೊಂಡು ನನ್ನ ಕೈಯಲ್ಲಿದ್ದ ಕೀ ನೋಡಿದ. ಬಣ್ಣ ಇನ್ನೂ ಹಸಿ.

“ಏನಮ್ಮ, ಒರಸ್ಲೋ, ಒಣಗ್ಲೋ?”

ಬಾಗಿಲಲ್ಲಿ ಉಚ್ಚಂಗಪ್ಪನವರು ಅಳಿಯನ ಜೊತೆ ನಿಂತಿದ್ದರು. ಸರ್ ಒಳಗಿನಿಂದ ಕತ್ತು ಚಾಚಿ, ನನ್ನನ್ನು ನೋಡಿ, ಬೋರ್ಡನ್ನು ನೋಡಿ, ಮತ್ತೆ ಒಳಗೆ ಎಳೆದುಕೊಂಡರು.

“ಒರಸ್ರೀ,” ಅಂದೆ.

“ಏನಂತ ಬರೀಲಿ ಮತ್ತೆ?”

“ಮೊದಲು ಒರಸ್ರಿ.”